ಹಳೇ ಹೆರಿಗೆ ಆಸ್ಪತ್ರೆ ನೋಡೋಕೆ ಹೋದರೆ ಮೊದಲು ಗಾಳಿ ಹುಡುಕಿ

ಹಳೇ ಆಸ್ಪತ್ರೆ ಕಟ್ಟಡದ ಮುಂದೆ ನಿಂತವರು ಮೊದಲು ನೋಡುವುದು ಕಂಬ, ಕಮಾನು, ಗುಮ್ಮಟ. ಮೈಸೂರಿನವರಿಗೆ ಇದು ಇನ್ನೂ ಜಾಸ್ತಿ. ಅರಮನೆ ನೋಡಿ ಬೆಳೆದ ಕಣ್ಣು, ಅಲ್ವಾ? ಹೆರಿಗೆ ಆಸ್ಪತ್ರೆ ವಿಷಯದಲ್ಲಿ ನನ್ನ ಸಲಹೆ ಬೇರೆ. ಮುಂಭಾಗವನ್ನು ಕೊನೆಗೆ ಇಟ್ಟುಕೊಳ್ಳಿ. ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ ಮೊದಲು ಹುಡುಕಿ. 19ನೇ ಶತಮಾನದಲ್ಲಿ ಇಂಥ ಆಸ್ಪತ್ರೆ ಕಟ್ಟಿದವರಿಗೆ ಇದ್ದದ್ದು ಒಂದೇ ದೊಡ್ಡ ಭಯ, ಬಾಣಂತಿ ಜ್ವರ. ಕಿಟಕಿ, ಜಗಲಿ, ಚಾವಣಿ, ಕೋಣೆಗಳ ಸಾಲು ಎಲ್ಲವನ್ನೂ ಆ ಭಯವೇ ಕಟ್ಟಿಸಿದೆ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಮೈಸೂರು, ಮಂಡ್ಯ ಕಡೆ ಸರ್ಕಾರಿ ಕಟ್ಟಡಗಳ ರಿಪೇರಿ ನನ್ನ ಪಾಲಿಗಿತ್ತು. ಹೆರಿಗೆ ವಾರ್ಡ್ ಅಂದರೆ ಗಂಡು ಇಂಜಿನಿಯರುಗಳು ಬಾಗಿಲಲ್ಲೇ ನಿಲ್ಲುತ್ತಿದ್ದರು. ಒಳಗಿನ ಸಿಸ್ಟರುಗಳೂ ಬಿಡುತ್ತಿರಲಿಲ್ಲ. "ಮೇಡಂ, ನೀವೇ ಒಂದು ಸಲ ಹೋಗಿ ಬಂದುಬಿಡಿ" ಅಂತ ಅಳತೆ ಟೇಪು, ಎಂ-ಬುಕ್ಕು (ಅಳತೆ ಬರೆಯುವ ಪುಸ್ತಕ) ನನ್ನ ಕೈಗೆ ಬರುತ್ತಿತ್ತು. ಹಾಗಾಗಿ ಈ ವಾರ್ಡುಗಳ ಮೂಲೆ ಮೂಲೆ ನೋಡುವ ಅವಕಾಶ ನನಗೆ ಸಿಕ್ಕಿತು. ಈಗ ಆರ್ಕಿಟೆಕ್ಚರ್ ಓದುವ ಹುಡುಗ ಹುಡುಗಿಯರು ಬಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗುವ ಮುಂಚೆ

ಅನುಮತಿ ಬೇಕೇ ಬೇಕು. ವೈದ್ಯಕೀಯ ಅಧೀಕ್ಷಕರಿಗೆ ಒಂದು ಪತ್ರ ಕೊಡಿ. ಏನು ಅಳೆಯುತ್ತೀರಿ, ಎಷ್ಟು ಜನ ಬರುತ್ತೀರಿ ಅಂತ ಅದರಲ್ಲಿ ಬರೆಯಿರಿ. ಹೆರಿಗೆ ಕೋಣೆಯೊಳಗೆ ಹೋಗುತ್ತೇವೆ ಅಂತ ಕೇಳಲೇಬೇಡಿ. ಬಾಣಂತಿಯರು, ಮಕ್ಕಳು ಕಾಣುವ ಹಾಗೆ ಫೋಟೋ ತೆಗೆಯಬೇಡಿ. ಖಾಲಿ ವಾರ್ಡ್ ಇದ್ದರೆ, ಅಥವಾ ಹಳೇ ಬ್ಲಾಕ್ ಈಗ ಸ್ಟೋರ್ ಆಗಿದ್ದರೆ, ನಿಮ್ಮ ಅದೃಷ್ಟ. ಅಲ್ಲಿ ಆರಾಮಾಗಿ ಕೆಲಸ ಮಾಡಬಹುದು.

ಜೊತೆಗೆ ಬೇಕಾದದ್ದು ಕಡಿಮೆ. ಅಳತೆ ಟೇಪು, ಟಾರ್ಚ್, ಫೋನಿನ ದಿಕ್ಸೂಚಿ, ನೋಟ್‌ಬುಕ್ಕು, ಒಂದು ಮಾರು ತೆಳ್ಳನೆಯ ಹತ್ತಿ ದಾರ. ಖಾಲಿ ಜಗಲಿಯಲ್ಲಿ ಹಚ್ಚೋಕೆ ಒಂದು ಅಗರಬತ್ತಿ. ಮೈಸೂರಿನಲ್ಲಿ ಅದಕ್ಕೇನು ಬರವಿಲ್ಲ. ವಾರ್ಡಿನೊಳಗೆ ಮಾತ್ರ ಬತ್ತಿ ಹಚ್ಚಬೇಡಿ, ಆಮ್ಲಜನಕದ ಸಿಲಿಂಡರ್ ಇರುತ್ತವೆ. ಅಲ್ಲಿ ದಾರ ಸಾಕು.

ಇನ್ನೊಂದು ಮಾತು. 2012ರ ಆಗಸ್ಟಿನಲ್ಲಿ ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಹಳೇ ಜಗಲಿ ಕೆಳಗೆ ನಿಲ್ಲುವ ಮುಂಚೆ ತಲೆ ಎತ್ತಿ ನೋಡಿ. ತೊಲೆಯ ತುದಿ ಗೋಡೆ ಸೇರುವ ಜಾಗದಲ್ಲಿ ನೀರಿನ ಕಲೆ ಇದ್ದರೆ ಅಲ್ಲಿ ನಿಲ್ಲಬೇಡಿ. ತಾರಸಿ ಮೇಲಂತೂ ಹತ್ತಲೇಬೇಡಿ.

ಆ ಭಯ ಎಲ್ಲಿಂದ ಬಂತು

ಇದು ಗೊತ್ತಿಲ್ಲದೆ ಹೋದರೆ ಕಟ್ಟಡ ಬರೀ ಇಟ್ಟಿಗೆ. ಸ್ವಲ್ಪ ಸಮಾಧಾನದಿಂದ ಓದಿ.

ಯೂರೋಪಿನಲ್ಲಿ ಬಡ ಹೆಂಗಸರಿಗೆ ಅಂತಲೇ ಹೆರಿಗೆ ಆಸ್ಪತ್ರೆ ಶುರುವಾದದ್ದು 18ನೇ ಶತಮಾನದಲ್ಲಿ. ಡಬ್ಲಿನ್ನಿನಲ್ಲಿ ಬಾರ್ತಲೊಮ್ಯೂ ಮಾಸ್ ಎಂಬ ವೈದ್ಯ 1745ರಲ್ಲಿ ಶುರು ಮಾಡಿದ. ಲಂಡನ್ನಿನ ಜನರಲ್ ಲೈಯಿಂಗ್-ಇನ್ (ಅಂದರೆ ಹೆರಿಗೆ) ಆಸ್ಪತ್ರೆಗೆ ಯಾರ್ಕ್ ರಸ್ತೆಯಲ್ಲಿ 1828ರಲ್ಲಿ ಹೊಸ ಕಟ್ಟಡ ಬಂತು. ಹೆನ್ರಿ ಹ್ಯಾರಿಸನ್ ಅದರ ವಾಸ್ತುಶಿಲ್ಪಿ. ಎದುರಿಗೆ ದಪ್ಪ ಕಂಬಗಳು, ಮೇಲೆ ಆಸ್ಪತ್ರೆಯ ಹೆಸರು. ಆ ಕಟ್ಟಡ ಈಗ ಹೋಟೆಲ್ ಆಗಿದೆ. ನೋಡೋಕೆ ಗಂಭೀರವಾಗಿದ್ದ ಇಂಥ ಮನೆಗಳೊಳಗೆ ಹೆತ್ತ ಮೂರು ನಾಲ್ಕು ದಿನಕ್ಕೆ ಜ್ವರ ಬಂದು ಹೆಂಗಸರು ಸಾಯುತ್ತಿದ್ದರು. ಮನೆಯಲ್ಲಿ ಹೆತ್ತವರಿಗಿಂತ ಆಸ್ಪತ್ರೆಯಲ್ಲಿ ಹೆತ್ತವರಿಗೇ ಅಪಾಯ ಜಾಸ್ತಿ ಇತ್ತು.

ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಜಾಸ್ತಿ ತಾಯಂದಿರು ಸತ್ತರು. ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ಹಂಗೇರಿಯ ವೈದ್ಯ ಇದರ ಬೆನ್ನು ಹತ್ತಿದ. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಗರ್ಭಿಣಿಯರನ್ನು ಮುಟ್ಟುತ್ತಿದ್ದಾರೆ ಅಂತ ಅವನಿಗೆ ಹೊಳೆಯಿತು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಕೆಲವೇ ತಿಂಗಳಲ್ಲಿ ಸಾವು ಸೂಲಗಿತ್ತಿಯರ ವಿಭಾಗದ ಮಟ್ಟಕ್ಕೆ ಇಳಿಯಿತು.

ಇಂಜಿನಿಯರ್ ಆಗಿ ನನಗೆ ಇಲ್ಲಿ ಆಸೆಯಿಂದ ನಿಲ್ಲಬೇಕು ಅನ್ನಿಸುತ್ತದೆ. ಎರಡೂ ವಿಭಾಗ ಇದ್ದದ್ದು ಒಂದೇ ಆಸ್ಪತ್ರೆಯಲ್ಲಿ. ತಪ್ಪು ಗೋಡೆಯದಲ್ಲ, ಕೈಯದು. ಆದರೆ ದೊಡ್ಡ ವೈದ್ಯರಿಗೆ ತಮ್ಮ ಕೈ ಕೊಳಕು ಅಂತ ಒಪ್ಪಿಕೊಳ್ಳುವುದು ಕಷ್ಟ. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಅಂತ ನಂಬಿದ್ದ ಕಾಲ ಬೇರೆ. ಹಾಗಾಗಿ ಮುಂದಿನ ಮೂವತ್ತು ವರ್ಷ ಕೈಗಿಂತ ಕಟ್ಟಡದ್ದೇ ದುರಸ್ತಿ ಜಾಸ್ತಿ ನಡೆಯಿತು.

ಆ ದುರಸ್ತಿಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಇಂಗ್ಲೆಂಡಿನಲ್ಲಿ ದಾದಿಯರ ಕೆಲಸವನ್ನು ಸುಧಾರಿಸಿದ ಫ್ಲಾರೆನ್ಸ್ ನೈಟಿಂಗೇಲ್. ಆಕೆಯ ನಿಧಿಯಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ತರಬೇತಿಗೆ ಒಂದು ವಾರ್ಡ್ ನಡೆಯುತ್ತಿತ್ತು. ಜ್ವರದ ಸಾವು ಹೆಚ್ಚಾಗಿ 1867ರಲ್ಲಿ ಅದನ್ನು ಮುಚ್ಚಬೇಕಾಯಿತು. ಆಮೇಲೆ ಆಕೆ ಊರೂರಿನ ಲೆಕ್ಕ ತರಿಸಿ, 1871ರಲ್ಲಿ ಹೆರಿಗೆ ಆಸ್ಪತ್ರೆಗಳ ಬಗ್ಗೆ ಬರೆದರು. ದೊಡ್ಡ ಹಾಲ್ ಬೇಡ, ಚಿಕ್ಕ ಚಿಕ್ಕ ಕೋಣೆ ಇರಲಿ, ಹಾಸಿಗೆ ಕಡಿಮೆ ಇರಲಿ, ಹೆರಿಗೆ ಕೋಣೆ ಬೇರೆ ಇರಲಿ ಅನ್ನುವುದು ಅದರ ಸಾರ. 1876ರಲ್ಲಿ ಪ್ಯಾರಿಸಿನಲ್ಲಿ ತಾರ್ನಿಯೇ ಎಂಬ ವೈದ್ಯ ಇದನ್ನು ಇನ್ನೂ ಮುಂದಕ್ಕೆ ಒಯ್ದ. ಅವನ ಕಟ್ಟಡದಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಒಳಗಿನಿಂದ ಬಾಗಿಲೇ ಇಲ್ಲ. ಪ್ರತಿ ಕೋಣೆಯ ಬಾಗಿಲೂ ಹೊರಗೆ ಬಯಲಿಗೆ ತೆರೆಯುತ್ತಿತ್ತು. 1879ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಈ ಜ್ವರದ ಸೂಕ್ಷ್ಮಜೀವಿಯನ್ನು ತೋರಿಸಿದ. ಅದೇ ವರ್ಷ ಲಿಸ್ಟರ್ ಎಂಬ ಶಸ್ತ್ರವೈದ್ಯ ಲಂಡನ್ನಿನ ಯಾರ್ಕ್ ರಸ್ತೆಯ ಆಸ್ಪತ್ರೆಗೆ ಸಲಹೆಗಾರನಾಗಿ ಬಂದ, ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಔಷಧ ಹೆರಿಗೆ ಕೋಣೆಗೂ ಬಂತು.

ಇಷ್ಟು ಗೊತ್ತಿದ್ದರೆ ಹಳೇ ನಕ್ಷೆ ನೋಡಿದ ಕೂಡಲೇ ಅಂದಾಜು ಸಿಗುತ್ತದೆ. ಹೆರಿಗೆ, ಬಾಣಂತಿ ಎಲ್ಲ ಒಂದೇ ದೊಡ್ಡ ಹಾಲಿನಲ್ಲಿ ಇದ್ದರೆ ಅದು ಹಳೇ ಆಲೋಚನೆ. ಕೋಣೆಗಳು ಸಾಲಾಗಿ ಜಗಲಿಗೆ ತೆರೆದುಕೊಂಡಿದ್ದರೆ 1870ರ ನಂತರದ ಆಲೋಚನೆ. ಬಿಳಿ ಟೈಲ್ಸ್, ಕೈ ತೊಳೆಯುವ ಬೇಸಿನ್, ಗುಂಡಗೆ ಮಾಡಿದ ಮೂಲೆ ಬಂದಿದ್ದರೆ ಕ್ರಿಮಿ ಅನ್ನುವ ವಿಷಯ ಕಟ್ಟಡಕ್ಕೂ ತಲುಪಿದೆ ಅಂತ ಅರ್ಥ. ನಮ್ಮ ಕಡೆ ಇವು ಹೆಚ್ಚಾಗಿ ಒಂದರ ಮೇಲೊಂದು ಕೂತಿರುತ್ತವೆ. 20ನೇ ಶತಮಾನದಲ್ಲಿ ಕಟ್ಟಿದ ವಾರ್ಡುಗಳೂ ಹಳೇ ಶತಮಾನದ ನಕ್ಷೆಯನ್ನೇ ಹಿಡಿದುಕೊಂಡು ಬಂದಿವೆ. ಅದಕ್ಕೇ ಕಟ್ಟಿದ ವರ್ಷ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಹೊರಗೆ ಒಂದು ಸುತ್ತು

ಮೊದಲು ದಿಕ್ಕು ನೋಡಿ. ಮೈಸೂರಿಗೆ ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬರುತ್ತದೆ. ವಾರ್ಡಿನ ಉದ್ದ ಗೋಡೆಗಳು ಆ ಗಾಳಿಗೆ ಎದುರಾಗಿವೆಯಾ? ಎರಡು ಬ್ಲಾಕಿನ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ? ಅಳೆದು ಬರೆದುಕೊಳ್ಳಿ. ನಡುವಿನ ಜಾಗ ಗೋಡೆಯ ಎತ್ತರಕ್ಕಿಂತ ಜಾಸ್ತಿ ಇದ್ದರೆ ಅದು ಸುಮ್ನೆ ಉಳಿದ ಜಾಗ ಅಲ್ಲ, ಬೇಕು ಅಂತಲೇ ಬಿಟ್ಟದ್ದು. ಈಗ ಅಲ್ಲಿ ಜನರೇಟರ್ ಶೆಡ್, ಸ್ಕ್ಯಾನಿಂಗ್ ರೂಮು, ಬೈಕ್ ಸ್ಟ್ಯಾಂಡ್ ಬಂದಿರುತ್ತವೆ. ಅವನ್ನು ನಕ್ಷೆಯಲ್ಲಿ ಪೆನ್ಸಿಲ್‌ನಲ್ಲಿ ಹಾಕಿ, ಮೂಲ ಕಟ್ಟಡವನ್ನು ಪೆನ್ನಿನಲ್ಲಿ.

ಆಮೇಲೆ ಒಂಟಿ ಕೋಣೆ ಹುಡುಕಿ. ಆಸ್ಪತ್ರೆಯವರು ಈಗಲೂ ಅದನ್ನು ಸೆಪ್ಟಿಕ್ ವಾರ್ಡ್ ಅನ್ನುತ್ತಾರೆ. ಜ್ವರ ಬಂದ ಬಾಣಂತಿಯನ್ನು ಉಳಿದವರಿಂದ ದೂರ ಇಡೋಕೆ ಮಾಡಿದ್ದು. ಸರಿಯಾಗಿ ಯೋಚಿಸಿ ಕಟ್ಟಿದ ಕಡೆ ಅದು ಗಾಳಿ ಹೊರಟು ಹೋಗುವ ತುದಿಯಲ್ಲಿ ಇರುತ್ತದೆ. ಅದಕ್ಕೆ ಬೇರೆ ಬಚ್ಚಲು, ಬೇರೆ ಬಾಗಿಲು. ಈಗ ಹೆಚ್ಚಿನ ಕಡೆ ಅದೇ ರೆಕಾರ್ಡ್ ರೂಮು.

ಶೌಚಾಲಯ ವಾರ್ಡಿಗೆ ಅಂಟಿಕೊಂಡಿದೆಯಾ, ಇಲ್ಲ ನಡುವೆ ಒಂದು ಚಿಕ್ಕ ಓಣಿ ಇದೆಯಾ ನೋಡಿ. ಆ ಓಣಿಗೆ ಎರಡೂ ಕಡೆ ಕಿಟಕಿ ಇದ್ದರೆ, ದುರ್ವಾಸನೆ ವಾರ್ಡಿಗೆ ಬರದಂತೆ ಗಾಳಿ ಅಡ್ಡ ಹಾಯಲಿ ಅಂತ ಮಾಡಿದ್ದು.

ವಾರ್ಡಿನ ಒಳಗೆ

ಎತ್ತರ ಅಳೆಯಿರಿ. ಹಳೇ ಸರ್ಕಾರಿ ವಾರ್ಡುಗಳಲ್ಲಿ ನೆಲದಿಂದ ತೊಲೆಗೆ 14ರಿಂದ 18 ಅಡಿ ನನಗೆ ಸಾಮಾನ್ಯವಾಗಿ ಸಿಕ್ಕಿದೆ. ಫ್ಯಾನ್ ಇಲ್ಲದ ಕಾಲ. ಬಿಸಿ ಗಾಳಿ ಮೇಲೆ ಹೋಗಬೇಕು, ಮೇಲಿನ ಗೂಡಿನಿಂದ ಆಚೆ ಹೋಗಬೇಕು. ಬೆಳಕಿನ ಕಥೆಯೂ ಅದೇ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತಯಾರಾದಾಗ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಅದಕ್ಕೆ ಮುಂಚೆ ಕಟ್ಟಿದ ಹೆರಿಗೆ ಕೋಣೆ ಹಗಲು ಬೆಳಕನ್ನೇ ನಂಬಬೇಕಿತ್ತು. ರಾತ್ರಿ ಹೆರಿಗೆಗೆ ಲಾಟೀನು. ಉತ್ತರಕ್ಕೆ ದೊಡ್ಡ ಕಿಟಕಿ ಇರುವ ಕೋಣೆ ಕಂಡರೆ ಅದು ಹಿಂದೆ ಏನಾಗಿತ್ತು ಅಂತ ಹಳೇ ಆಯಾಗಳನ್ನು ಕೇಳಿ.

ಹಾಸಿಗೆ ಮತ್ತು ಕಿಟಕಿ ಎಣಿಸಿ. ಎರಡು ಹಾಸಿಗೆಗೆ ಒಂದು ಕಿಟಕಿಯಾದರೂ ಬೇಕು, ಎದುರು ಬದುರು ಗೋಡೆಗಳಲ್ಲಿ ಇರಬೇಕು ಅನ್ನುವುದು ನೈಟಿಂಗೇಲ್ ಲೆಕ್ಕ. ನಿಮ್ಮ ವಾರ್ಡಿನಲ್ಲಿ ಗೋಡೆಯ ಮೇಲಿನ ಹಳೇ ನಂಬರುಗಳು ಉಳಿದಿದ್ದರೆ ಮೂಲದಲ್ಲಿ ಎಷ್ಟು ಹಾಸಿಗೆ ಇತ್ತು ಅಂತ ತಿಳಿಯುತ್ತದೆ. ಈಗಿನ ಹಾಸಿಗೆ ಎಣಿಸಿ ಲೆಕ್ಕ ಹಾಕಬೇಡಿ. ಈಗ ಜಗಲಿಯಲ್ಲೂ ಮಂಚ ಇರುತ್ತದೆ.

ಈಗ ಕಿಟಕಿಯನ್ನೇ ಸರಿಯಾಗಿ ನೋಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಒಳ್ಳೇ ಹಳೇ ವಾರ್ಡಿನಲ್ಲಿ ಗಾಳಿಗೆ ಎರಡು ದಾರಿ ಇರುತ್ತದೆ. ಕೆಳಗೆ ಮರದ ಪಟ್ಟಿಯ ಬಾಗಿಲಿನ ಕಿಟಕಿ. ಮೇಲೆ ಚಾವಣಿ ಹತ್ತಿರ ಒಂದು ವೆಂಟಿಲೇಟರ್, ನಡುವೆ ತಿರುಗುವಂಥದ್ದು, ಹಗ್ಗ ಎಳೆದರೆ ತೆರೆಯುತ್ತದೆ. ಕೆಳಗಿನದು ಹಾಸಿಗೆಯ ಮಟ್ಟಕ್ಕೆ. ಮೇಲಿನದು ಯಾರ ಮೇಲೂ ನೇರ ಬೀಸದ ಗಾಳಿಗೆ.

ನಮ್ಮ ಹಳೇ ಮೈಸೂರು ಕಡೆ ಬಾಣಂತಿಗೆ ಗಾಳಿ ಸೋಕಬಾರದು, ಅಲ್ವಾ? ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕತ್ತಲೆ ಕೋಣೆ, ಸಾಂಬ್ರಾಣಿ ಹೊಗೆ. ಹಾಗಾಗಿ ವಾರ್ಡಿನಲ್ಲಿ ದಿನಾ ಒಂದು ಜಗಳ. ಸಿಸ್ಟರ್ ಬಂದು ಕಿಟಕಿ ತೆಗೆಯುತ್ತಾರೆ. ಅವರು ಆಚೆ ಹೋದ ಕೂಡಲೇ ಬಾಣಂತಿಯ ತಾಯಿ ಎದ್ದು ಮುಚ್ಚುತ್ತಾರೆ. "ಹಸೀ ಮೈ ಕಣವ್ವ, ನಿಮಗೇನು ಗೊತ್ತು" ಅಂತ ನನಗೇ ಬೈದವರಿದ್ದಾರೆ. ಲಂಡನ್ನಿನಲ್ಲಿ ಕೂತು ಲೆಕ್ಕ ಹಾಕಿದವರಿಗೆ ಈ ತಾಯಂದಿರು ಗೊತ್ತಿರಲಿಲ್ಲ. ಆದರೆ ಮೇಲಿನ ವೆಂಟಿಲೇಟರ್ ಆ ಜಗಳ ತೀರಿಸಿತು. ಅದಕ್ಕೆ ಯಾರ ಕೈಯೂ ಎಟುಕುವುದಿಲ್ಲ. ಹಗ್ಗ ಸಿಸ್ಟರ್ ಕಡೆ. ಕೆಳಗಿನ ಕಿಟಕಿ ಎಲ್ಲ ಮುಚ್ಚಿದ್ದಾಗ ದಾರವನ್ನು ಕೋಲಿನ ತುದಿಗೆ ಕಟ್ಟಿ ಮೇಲೆ ಹಿಡಿದು ನೋಡಿ. ವೆಂಟಿಲೇಟರ್ ತೆರೆದಿದ್ದರೆ ದಾರ ಅಲ್ಲಾಡುತ್ತದೆ.

ಅದಕ್ಕೇ ಫಾಲ್ಸ್ ಸೀಲಿಂಗ್ ಕಂಡರೆ ನನಗೆ ಸಂಕಟ. ಒಂದು ಆಸ್ಪತ್ರೆಯಲ್ಲಿ 10 ಅಡಿಗೆ ಬಿಳಿ ಹಲಗೆ ಹೊಡೆದು, ವೆಂಟಿಲೇಟರ್ ಎಲ್ಲ ಅದರ ಮೇಲಕ್ಕೆ ಹೋಗಿಬಿಟ್ಟಿತು. ವಾರ್ಡ್ ನೋಡೋಕೆ ಹೊಸದು. ಸಂಜೆ ಹೊತ್ತಿಗೆ ಉಸಿರು ಕಟ್ಟುತ್ತಿತ್ತು. ಕಡತದಲ್ಲಿ ನನ್ನ ಆಕ್ಷೇಪ ಇದೆ, ಕೆಲಸ ಮಾತ್ರ ನಿಲ್ಲಲಿಲ್ಲ. ಅಂಥ ಕಡೆ ಹೋದರೆ ಹಲಗೆ ಸಂದಿಯಿಂದ ಟಾರ್ಚ್ ಬಿಟ್ಟು ಮೇಲೆ ನೋಡಿ. ಮೂಲ ತೊಲೆ, ಹಗ್ಗದ ರಾಟೆ, ಹಳೇ ಸುಣ್ಣ ಎಲ್ಲ ಹಾಗೇ ಉಳಿದಿರುತ್ತದೆ.

ವಯಸ್ಸು ಹೇಳುವ ಗುರುತುಗಳು

ಕಲ್ಲಿನ ಶಾಸನವನ್ನು ಪೂರ್ತಿ ನಂಬಬೇಡಿ. ಅದು ಶಂಕುಸ್ಥಾಪನೆಯದೋ, ಉದ್ಘಾಟನೆಯದೋ, ದಾನ ಕೊಟ್ಟ ಒಂದು ಕೋಣೆಯದೋ ಓದಿ ನೋಡಿ. ಜಾಗ ಬದಲಾಯಿಸಿದ ಕಲ್ಲುಗಳೂ ಇರುತ್ತವೆ.

ಚಾವಣಿ ಹೆಚ್ಚು ನಿಜ ಹೇಳುತ್ತದೆ. ತೇಗದ ಜಂತೆಗಳ ಮೇಲೆ ಚಿಕ್ಕ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚು ನಿಲ್ಲಿಸಿ ಕೂರಿಸಿದ್ದರೆ ಅದು ಮದ್ರಾಸ್ ತಾರಸಿ. ಮೇಲೆ ಇಟ್ಟಿಗೆ ಚೂರು, ಸುಣ್ಣದ ಗಾರೆ ಬಡಿದು ಕೂರಿಸುತ್ತಿದ್ದರು. ಅಳಲೆಕಾಯಿ, ಬೆಲ್ಲದ ನೀರು ಗಾರೆಗೆ ಸೇರುತ್ತಿತ್ತು. ಮರದ ಜಂತೆ ಬದಲು ಕಬ್ಬಿಣದ ತೊಲೆ ಇದ್ದರೆ ಟಾರ್ಚ್ ಹಿಡಿದು ಅದರ ಪಕ್ಕ ಓದಿ. ಇಂಗ್ಲೆಂಡಿನ ಉಕ್ಕಿನ ಕಂಪನಿ ಡಾರ್ಮನ್ ಲಾಂಗ್ ಹೆಸರು ಹಳೇ ಕಟ್ಟಡಗಳಲ್ಲಿ ಸಿಗುತ್ತದೆ. ಟಾಟಾ ಹೆಸರಿದ್ದರೆ ಆ ತೊಲೆ 1912ಕ್ಕೆ ಹಿಂದಿನದು ಅಲ್ಲವೇ ಅಲ್ಲ, ಅವರ ಉಕ್ಕು ಬಂದದ್ದೇ ಆವಾಗ. ಹೆಂಚಿನ ಮಾಡಾದರೆ ಒಡೆದು ಬಿದ್ದ ಒಂದು ಹೆಂಚು ತಿರುಗಿಸಿ ನೋಡಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಸುಡೋಕೆ ಶುರು ಮಾಡಿದ್ದು 1865ರಲ್ಲಿ. ಹೆಂಚಿನ ಹಿಂದೆ ಕಾರ್ಖಾನೆ ಹೆಸರು ಅಚ್ಚಾಗಿರುತ್ತದೆ. ಆದರೆ ಹೆಂಚು ಬದಲಾಯಿಸುವುದು ಸುಲಭ. ಒಂದೇ ಹೆಂಚು ನೋಡಿ ಇಡೀ ಕಟ್ಟಡಕ್ಕೆ ಜಾತಕ ಬರೆಯಬೇಡಿ.

ಗೋಡೆ ಕೆರೆಯಬೇಡಿ. ಈಗಾಗಲೇ ಎದ್ದು ಬಂದ ಜಾಗದಲ್ಲಿ ಸುಣ್ಣದ ಪದರ ನೋಡಿ. ಪದರದ ಮೇಲೆ ಪದರ, ನಡುನಡುವೆ ನೀಲಿ ಹಾಕಿದ ಸುಣ್ಣ. ಆಸ್ಪತ್ರೆಗೆ ಸುಣ್ಣ ಬಳಿಯುವುದು ಬರೀ ಅಂದಕ್ಕಲ್ಲ, ಶುದ್ಧಿಗೂ ಹೌದು. ಸುಣ್ಣದ ಗೋಡೆ ತೇವವನ್ನು ಒಳಗೆ ಹಿಡಿದಿಡುವುದಿಲ್ಲ, ಆರಲು ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್, ಆಯಿಲ್ ಪೇಂಟ್ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು ಒಂದಾಳೆತ್ತರಕ್ಕೆ ಪ್ಲಾಸ್ಟರ್ ಉಬ್ಬುತ್ತದೆ. ಉಬ್ಬಿದ್ದು ಕಂಡರೆ ಕಾರಣ ಅಲ್ಲಿಂದ ಹುಡುಕಿ.

ಹಿಂಬಾಗಿಲು

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಬನ್ನಿ.

ಹೆಂಗಸರು ಗಂಡು ವೈದ್ಯರ ಹತ್ತಿರ ಬರುವುದಿಲ್ಲ ಅನ್ನುವುದು ಆ ಕಾಲದ ಇನ್ನೊಂದು ದೊಡ್ಡ ಪ್ರಶ್ನೆ. ವೈಸ್‌ರಾಯ್ ಡಫರಿನ್ನನ ಹೆಂಡತಿ 1885ರಲ್ಲಿ ಹೆಣ್ಣು ವೈದ್ಯರನ್ನು ತಯಾರು ಮಾಡೋಕೆ, ಹೆಂಗಸರ ಆಸ್ಪತ್ರೆ ಕಟ್ಟೋಕೆ ಒಂದು ನಿಧಿ ಶುರು ಮಾಡಿದರು. ದೇವರಾಜ ಮಾರುಕಟ್ಟೆ ಎದುರಿನ ನಮ್ಮ ಚಿಕ್ಕ ಗಡಿಯಾರಕ್ಕೆ ಇರುವುದು ಅದೇ ಡಫರಿನ್ ಹೆಸರು. ಮದ್ರಾಸಿನ ಎಗ್ಮೋರಿನಲ್ಲಿ 1844ರಲ್ಲೇ ಹೆರಿಗೆ ಆಸ್ಪತ್ರೆ ಇತ್ತು. ಆದರೂ 1885ರಲ್ಲಿ ಮದ್ರಾಸಿನಲ್ಲೇ ಜಾತಿ ಹಿಂದೂ ಹೆಂಗಸರಿಗೆ, ಗೋಷಾ (ಪರದೆಯಲ್ಲಿರುವ) ಹೆಂಗಸರಿಗೆ ಅಂತ ಬೇರೆ ಆಸ್ಪತ್ರೆ ಬಂತು. ಮೇರಿ ಶಾರ್ಲೀಬ್ ಎಂಬ ವೈದ್ಯೆ ಅದರ ಹಿಂದೆ ಇದ್ದರು.

ಇದು ಕಟ್ಟಡದಲ್ಲಿ ಹೇಗೆ ಕಾಣುತ್ತದೆ? ಗೇಟಿನೊಳಗೆ ಬಂದ ಕೂಡಲೇ ಎದುರಿಗೆ ಒಂದು ಅಡ್ಡ ಗೋಡೆ ಇದ್ದರೆ, ರಸ್ತೆಯ ಕಣ್ಣು ಒಳಗೆ ಬೀಳದಿರಲಿ ಅಂತ. ಹಿಂದೆ ಸಾಲಾಗಿ ಒಂದಕ್ಕಿಂತ ಹೆಚ್ಚು ಅಡುಗೆ ಗೂಡು ಇದ್ದರೆ, ಒಬ್ಬರು ಮಾಡಿದ್ದು ಇನ್ನೊಬ್ಬರು ಉಣ್ಣದ ಕಾಲದ್ದು. ಬಾಣಂತಿಗೆ ಮೆಣಸಿನ ಸಾರು ಮಾಡೋಕೆ ಮನೆಯವರೇ ಬಂದು ಒಲೆ ಹಚ್ಚುತ್ತಿದ್ದರು. ಮಸಿ ಹಿಡಿದ ಗೋಡೆ, ಹಂಡೆ ಕೂರಿಸುವ ಒಲೆ ಇದೆಯಾ ನೋಡಿ.

ಶೌಚಾಲಯದ ಹಿಂದಿನ ಗೋಡೆಯಲ್ಲಿ ಮುಚ್ಚಿದ ತಗ್ಗು ಬಾಗಿಲು ಸಿಗಬಹುದು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಬಗ್ಗಿ ಬರುತ್ತಿದ್ದ ದಾರಿ ಅದು. ಹೊರಗಿನ ಕನ್ಸರ್ವೆನ್ಸಿ ಗಲ್ಲಿಗೆ ತೆರೆಯುತ್ತಿತ್ತು. ಅದನ್ನೂ ಅಳೆಯಿರಿ, ನಕ್ಷೆಯಲ್ಲಿ ಹಾಕಿ. ಮುಂದಿನ ಪೋರ್ಟಿಕೋ ಬರೆದು ಇದನ್ನು ಬಿಟ್ಟರೆ ಅದು ಕಟ್ಟಡದ ನಕ್ಷೆಯೇ ಅಲ್ಲ.

ಕಾಗದ ಎಲ್ಲಿ ಸಿಗುತ್ತದೆ

ಮೈಸೂರು ಸಂಸ್ಥಾನದ ಕಾಲದ್ದಾದರೆ ದಿವಾನರ ಭಾಷಣಗಳಿಂದ ಶುರು ಮಾಡಿ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ದಿವಾನರು ಅಲ್ಲಿ ವರ್ಷದ ಆಡಳಿತದ ವರದಿ ಒಪ್ಪಿಸುತ್ತಿದ್ದರು, ಆಸ್ಪತ್ರೆ ಮಾತೂ ಬರುತ್ತಿತ್ತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (ಸಂಸ್ಥಾನದ ವಿವರಗಳ ಪುಸ್ತಕ) 1877ರದ್ದು ಮತ್ತು 1897ರದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನಡುವಿನ ಇಪ್ಪತ್ತು ವರ್ಷದಲ್ಲಿ ಏನು ಹೊಸದಾಗಿ ಬಂತು ಅಂತ ತಿಳಿಯುತ್ತದೆ. ಮಂಡ್ಯದವರು ನೆನಪಿಡಿ, ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕೆ ಹಿಂದಿನ ಶ್ರೀರಂಗಪಟ್ಟಣ, ಮಳವಳ್ಳಿ, ನಾಗಮಂಗಲದ ಕಾಗದ ಮೈಸೂರು ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.

ಹೆಸರುಗಳ ವಿಷಯದಲ್ಲಿ ಜೋಪಾನ. ಮೈಸೂರಿನಲ್ಲಿ ಚೆಲುವಾಂಬ ಅಂದರೆ ಹೆರಿಗೆ ಆಸ್ಪತ್ರೆ. ಆದರೆ ಚೆಲುವಾಂಬ ವಿಲಾಸ ಅಂದರೆ ಈಗ ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ಇರುವ ಮಹಲು. ವಾಣಿ ವಿಲಾಸದ ಹೆಸರು ಬೆಂಗಳೂರಿನ ಆಸ್ಪತ್ರೆಗೂ ಇದೆ, ಬೇರೆ ಎಷ್ಟೋ ಕಟ್ಟಡಗಳಿಗೂ ಇದೆ. ಹೆಸರಿನ ಪಕ್ಕ ರಸ್ತೆ ಬರೆದುಕೊಳ್ಳಿ.

ಕಾಗದದಷ್ಟೇ ಮುಖ್ಯ ಹಳೇ ಜನ. ನಿವೃತ್ತ ಸಿಸ್ಟರ್, ಆಯಾ, ವಾರ್ಡ್ ಬಾಯ್, ಸುಣ್ಣ ಬಳಿದ ಮೇಸ್ತ್ರಿ. "ಇತಿಹಾಸ ಹೇಳಿ" ಅಂದರೆ ಏನೂ ಬರುವುದಿಲ್ಲ. "ಬಿಸಿನೀರು ಎಲ್ಲಿ ಕಾಯಿಸುತ್ತಿದ್ರಿ?" ಅಂತ ಕೇಳಿ. "ಕರೆಂಟ್ ಹೋದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿ. ಆಮೇಲೆ ಬರೆದುಕೊಳ್ಳೋಕೆ ನಿಮ್ಮ ಕೈಗೆ ಪುರುಸೊತ್ತು ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ನಕ್ಷೆಯ ಮೇಲೆ ಬಾಣದ ಗುರುತು ಹಾಕಿ ಗಾಳಿಯ ದಾರಿ ಬರೆಯಿರಿ. ಎಲ್ಲಿ ಮುಚ್ಚಿದ್ದಾರೆ, ಎಲ್ಲಿ ತೆರೆದಿದೆ ಅಂತ ಬೇರೆ ಬಣ್ಣದಲ್ಲಿ. ಮುಂಭಾಗದ ಕಂಬ, ಕಮಾನು ಈಗ ನೋಡಬಹುದು, ಒಂದು ಫೋಟೋ ಸಾಕು. ನಕ್ಷೆಯ ಒಂದು ಪ್ರತಿಯನ್ನು ಆಸ್ಪತ್ರೆ ಕಚೇರಿಗೆ, ಇನ್ನೊಂದನ್ನು ಲೋಕೋಪಯೋಗಿ ಇಲಾಖೆಯ ಉಪವಿಭಾಗದ ಕಚೇರಿಗೆ ಕೊಡಿ. ಸ್ವೀಕರಿಸಿದ್ದಕ್ಕೆ ಸೀಲು, ಸಹಿ ಹಾಕಿಸಿಕೊಳ್ಳಿ. ಸೀಲಿಲ್ಲದ ಕಾಗದ ಕಡತಕ್ಕೆ ಸೇರುವುದಿಲ್ಲ, ಕಡತಕ್ಕೆ ಸೇರದಿದ್ದರೆ ಮುಂದಿನ ಸಲ ರಿಪೇರಿ ಎಸ್ಟಿಮೇಟ್ ಹಾಕುವ ಇಂಜಿನಿಯರ್ ಕಣ್ಣಿಗೆ ಅದು ಬೀಳುವುದಿಲ್ಲ.